ಶಾಲೆಯ ಬಲಿಪೂಜೆಗೆ ಹಾಜರಿ ಕಡ್ಡಾಯವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಖಾಸಗಿ ಕ್ಯಾಥೊಲಿಕ್ ಶಾಲೆಗಳಲ್ಲಿ ಬಲಿಪೂಜೆ (ಫಾದರ್ ನಡೆಸುವ ಸಾಮೂಹಿಕ ಆರಾಧನೆ, ಇಂಗ್ಲಿಷಿನಲ್ಲಿ ಮಾಸ್), ಜಪಸರ (ಮಣಿಸರ ಹಿಡಿದು ಮಾಡುವ ಪ್ರಾರ್ಥನೆ), ಧ್ಯಾನಕೂಟ ಇವಕ್ಕೆಲ್ಲ ಮಕ್ಕಳು ಬರಲೇಬೇಕು ಅನ್ನುವ ನಿಯಮ ಸರಿಯಾ, ಬರದಿದ್ದರೆ ಏನಾಗುತ್ತದೆ ಅಂತ. ಬರೆದವರಲ್ಲಿ ಕ್ಯಾಥೊಲಿಕರಿದ್ದಾರೆ, ಬೇರೆ ಧರ್ಮದವರಿದ್ದಾರೆ, ದೇವರನ್ನೇ ನಂಬದವರೂ ಇದ್ದಾರೆ. ಹೆಸರು, ವಿಳಾಸ ತೆಗೆದು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ನಾನು ಇಂಥ ಶಾಲೆಯಲ್ಲೇ ಹಲವು ವರ್ಷ ಪಾಠ ಮಾಡಿದವಳು, ಆ ಶಾಲೆಗಳ ಮೇಲೆ ಪ್ರೀತಿ ಇರುವವಳು. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾವು ಕ್ರೈಸ್ತರಲ್ಲ. ಓದು, ಶಿಸ್ತು ಚೆನ್ನಾಗಿದೆ ಅಂತ ಮಗಳನ್ನು ಖಾಸಗಿ ಕ್ಯಾಥೊಲಿಕ್ ಶಾಲೆಗೆ ಸೇರಿಸಿದೆವು. ತಿಂಗಳಿಗೊಮ್ಮೆ ಇಡೀ ಶಾಲೆಗೆ ಬಲಿಪೂಜೆ ಇರುತ್ತದೆ. ಮೊದಲು ಬೇರೆ ಧರ್ಮದ ಮಕ್ಕಳನ್ನು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ಈ ವರ್ಷ ಎಲ್ಲರೂ ಬರಲೇಬೇಕು, ತಪ್ಪಿಸಿದರೆ ಅರ್ಧ ದಿನ ಗೈರುಹಾಜರಿ ಎಂದು ಸುತ್ತೋಲೆ ಬಂದಿದೆ. ಮಗಳಿಗೆ ಒಂಬತ್ತು ವರ್ಷ. "ಅಮ್ಮ, ನಾನೂ ಶಿಲುಬೆ ಗುರುತು ಹಾಕಬೇಕಾ, ಎಲ್ಲರೂ ಮೊಣಕಾಲೂರಿದರೆ ನಾನು ಏನು ಮಾಡಲಿ" ಅಂತ ಕೇಳುತ್ತಾಳೆ. ಶಾಲೆಗೆ ಹೀಗೆ ಹೇಳುವ ಹಕ್ಕಿದೆಯಾ?

ಉತ್ತರ: ನಿಮ್ಮ ಮಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಬಲಿಪೂಜೆಗೆ ಬರಬೇಕು ಅನ್ನುವ ಒಂದು ಸಾಲಿನೊಳಗೆ ಮೂರು ಬೇರೆ ಬೇರೆ ಬೇಡಿಕೆ ಇವೆ. ಅಲ್ಲಿ ಸದ್ದಿಲ್ಲದೆ ಕೂರುವುದು ಒಂದು. ಎಲ್ಲರ ಜೊತೆ ಪ್ರಾರ್ಥನೆ ಹೇಳುವುದು, ಮೊಣಕಾಲೂರುವುದು, ಶಿಲುಬೆ ಗುರುತು ಹಾಕುವುದು ಇನ್ನೊಂದು. ಇದನ್ನೆಲ್ಲ ನಾನು ನಂಬುತ್ತೇನೆ ಎಂದು ಒಪ್ಪಿಕೊಳ್ಳುವುದು ಮತ್ತೊಂದು. ಮೊದಲನೆಯದನ್ನು ಶಾಲೆ ಕೇಳಬಹುದು, ಅದೂ ಸೇರಿಸಿಕೊಳ್ಳುವಾಗಲೇ ಬರಹದಲ್ಲಿ ತಿಳಿಸಿದ್ದರೆ, ಆ ದೇಶದ ಕಾನೂನು ಅಡ್ಡ ಬರದಿದ್ದರೆ. ಎರಡನೆಯದಕ್ಕೆ ಕರೆಯಬಹುದು, ಬಲವಂತ ಮಾಡಬಾರದು. ಮೂರನೆಯದನ್ನು ಯಾರೂ ಯಾರಿಂದಲೂ ಕಸಿದುಕೊಳ್ಳುವ ಹಾಗಿಲ್ಲ.

ಇದು ನಾನೊಬ್ಬಳೇ ಹೇಳುವ ಮಾತಲ್ಲ. ಕ್ಯಾಥೊಲಿಕ್ ಧರ್ಮಸಭೆಗೆ, ಅಂದರೆ ಕ್ಯಾಥೊಲಿಕ್ ಚರ್ಚ್ ಸಂಸ್ಥೆಗೆ, ತನ್ನದೇ ಕಾನೂನು ಸಂಹಿತೆ ಒಂದಿದೆ, ಈಗ ಜಾರಿಯಲ್ಲಿರುವುದು 1983ರದ್ದು, ಕ್ಯಾನನ್ ಕಾನೂನು ಅಂತ ಕರೆಯುತ್ತಾರೆ. ಅದರ 748ನೇ ಕಲಂ ಪ್ರಕಾರ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕ್ಯಾಥೊಲಿಕ್ ವಿಶ್ವಾಸಕ್ಕೆ ಒತ್ತಾಯದಿಂದ ತರುವಂತಿಲ್ಲ. 11ನೇ ಕಲಂ ಇನ್ನೂ ನೇರ. ಧರ್ಮಸಭೆ ತಾನು ಮಾಡಿಕೊಂಡ ನಿಯಮಗಳು ಕ್ಯಾಥೊಲಿಕರಾಗಿ ಜ್ಞಾನಸ್ನಾನ (ಧರ್ಮಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ) ಪಡೆದವರಿಗೆ ಅಥವಾ ಆಮೇಲೆ ಧರ್ಮಸಭೆಗೆ ಸೇರಿದವರಿಗೆ ಮಾತ್ರ, ಅದೂ ಏಳು ವರ್ಷ ತುಂಬಿದ ಮೇಲೆ. ಅಂದರೆ ನಿಮ್ಮ ಮಗಳಿಗೆ ಬಲಿಪೂಜೆಯ ಕಟ್ಟಳೆ ಧರ್ಮಸಭೆಯ ಕಡೆಯಿಂದ ಇಲ್ಲವೇ ಇಲ್ಲ. ಇದ್ದರೆ ಅದು ಶಾಲೆಯ ಟೈಮ್ ಟೇಬಲ್ಲಿನ ನಿಯಮ, ಅಷ್ಟೇ.

1988ರಲ್ಲಿ ಕ್ಯಾಥೊಲಿಕ್ ಶಾಲೆಗಳ ಧಾರ್ಮಿಕ ಶಿಕ್ಷಣದ ಬಗ್ಗೆ ವ್ಯಾಟಿಕನ್ ಒಂದು ದಸ್ತಾವೇಜು ಹೊರಡಿಸಿತು. ಈ ಶಾಲೆಗಳಲ್ಲಿ ಓದುವವರೆಲ್ಲ ಕ್ಯಾಥೊಲಿಕರಲ್ಲ, ಕೆಲವು ದೇಶಗಳಲ್ಲಿ ಬಹುಪಾಲು ಮಕ್ಕಳು ಬೇರೆಯವರೇ ಎಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಆಮೇಲೆ ಎರಡು ಮಾತು ಒಟ್ಟಿಗೆ ಹೇಳುತ್ತದೆ. ಶಾಲೆ ತನ್ನ ಸುವಾರ್ತೆ (ಯೇಸುವಿನ ಸಂದೇಶ) ಸಾರುವ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ. ಆದರೆ ಸಾರುವುದು ಬೇರೆ, ಹೇರುವುದು ಬೇರೆ, ಹೇರಿದರೆ ಅದು ಮನಸ್ಸಿನ ಮೇಲಿನ ಹಿಂಸೆ, ಅದಕ್ಕೆ ಸುವಾರ್ತೆಯಲ್ಲೂ ಜಾಗವಿಲ್ಲ, ಧರ್ಮಸಭೆಯ ಕಾನೂನಿನಲ್ಲೂ ಜಾಗವಿಲ್ಲ. ಶಾಲೆಯವರ ಹತ್ತಿರ ಮಾತಾಡುವಾಗ ಈ ದಸ್ತಾವೇಜಿನ ಮಾತು ಎತ್ತಿ. ಹೊರಗಿನವರು ಬಂದು ಜಗಳ ತೆಗೆದ ಹಾಗೆ ಆಗುವುದಿಲ್ಲ, ಅವರ ಮನೆಯ ಮಾತನ್ನೇ ನೆನಪಿಸಿದ ಹಾಗೆ ಆಗುತ್ತದೆ.

ಇನ್ನು ಮಗಳ ಪ್ರಶ್ನೆ. ಬಲಿಪೂಜೆಯಲ್ಲಿ ಜನ ಕೂರುತ್ತಾರೆ, ನಿಲ್ಲುತ್ತಾರೆ, ಮೊಣಕಾಲೂರುತ್ತಾರೆ. ಎಲ್ಲರೂ ನಿಂತಾಗ ಅವಳೂ ನಿಂತರೆ ಗೌರವ ಕೊಟ್ಟಂತೆ ಆಯಿತು. ಮೊಣಕಾಲೂರುವಾಗ ಅವಳು ಬೆಂಚಿನಲ್ಲಿ ಸುಮ್ಮನೆ ಕೂರಬಹುದು. ಶಿಲುಬೆ ಗುರುತು ಬೇಡ, ಉತ್ತರವಾಗಿ ಹೇಳುವ ಪ್ರಾರ್ಥನೆಗಳೂ ಬೇಡ. ನಿಜವಾಗಿ ಕಷ್ಟ ಆಗುವುದು ಪರಮಪ್ರಸಾದದ ಹೊತ್ತಿಗೆ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು ಫಾದರ್ ಹಂಚುವಾಗ. ಸಾಲು ಸಾಲಾಗಿ ಬೆಂಚು ಖಾಲಿ ಆಗುತ್ತದೆ. ಮಧ್ಯದಲ್ಲಿ ಕೂತ ಒಂದು ಮಗು ಕಾಲು ಮುದುರಿಕೊಂಡು ಎಲ್ಲರಿಗೂ ದಾರಿ ಬಿಡುತ್ತದೆ, ಅವಳ ಮೊಣಕಾಲಿಗೆ ತಾಗಿಕೊಂಡೇ ಎಲ್ಲರೂ ದಾಟಿ ಹೋಗುತ್ತಾರೆ, ಆಮೇಲೆ ಇಡೀ ಬೆಂಚಿನಲ್ಲಿ ಅವಳೊಬ್ಬಳೇ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲ್ಲರೂ ಹೋಗ್ತಿದ್ದಾರಲ್ಲ ಅಂತ ಗಾಬರಿಯಲ್ಲಿ ಎದ್ದು ಸಾಲಿಗೆ ಸೇರಿಬಿಡುವ ಮಕ್ಕಳೂ ಇದ್ದಾರೆ. ಕ್ಯಾಥೊಲಿಕರಿಗೆ ಅದು ಕ್ರಿಸ್ತನ ದೇಹವೇ, ಆ ವಿಶ್ವಾಸ ಇಲ್ಲದವರು ಅದನ್ನು ತೆಗೆದುಕೊಳ್ಳಬಾರದು ಅನ್ನುವುದು ಅವರದೇ ನಿಯಮ, 844ನೇ ಕಲಮಿನಲ್ಲಿದೆ. ಹಾಗಾಗಿ ಎಲ್ಲರನ್ನೂ ಕಡ್ಡಾಯವಾಗಿ ಕರೆದು ಕೂರಿಸುವ ಶಾಲೆ, ಯಾರು ಸಾಲಿಗೆ ಬರಬಾರದು ಅನ್ನುವುದನ್ನೂ ಮೊದಲೇ ನಿಧಾನವಾಗಿ ಹೇಳಿಕೊಡಬೇಕು. ಮಗಳನ್ನು ಬೆಂಚಿನ ಒಳತುದಿಯಲ್ಲಿ, ಬೇರೆ ಧರ್ಮದ ಇನ್ನೊಂದಿಬ್ಬರು ಮಕ್ಕಳ ಜೊತೆ ಕೂರಿಸಿ ಅಂತ ಕ್ಲಾಸ್ ಟೀಚರನ್ನು ಕೇಳಿ. ಸಣ್ಣ ವಿಷಯ, ಆದರೆ ಒಂಬತ್ತು ವರ್ಷದವಳಿಗೆ ದೊಡ್ಡದು. ಕೆಲವು ಕಡೆ ಎದೆಯ ಮೇಲೆ ಕೈ ಅಡ್ಡಕಟ್ಟಿ ಹೋದರೆ ಫಾದರ್ ಆಶೀರ್ವಾದ ಮಾಡುತ್ತಾರೆ. ಅದೂ ಇಷ್ಟವಿದ್ದರೆ ಮಾತ್ರ.

ಹಕ್ಕಿನ ವಿಷಯಕ್ಕೆ ಬಂದರೆ, ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದ ಸಂವಿಧಾನದ 28(3)ನೇ ವಿಧಿ ಈ ವಿಷಯದಲ್ಲಿ ಬಹಳ ಗಟ್ಟಿ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗಲೇಬೇಕು ಅನ್ನುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು. ಗಮನಿಸಿ, ಮಾನ್ಯತೆ ಇದ್ದರೆ ಸಾಕು, ಖಾಸಗಿ ಶಾಲೆಗೂ ಇದು ಅನ್ವಯ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ, ಆದರೆ 28ನೇ ವಿಧಿಯನ್ನು ಅಳಿಸುವುದಿಲ್ಲ. ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪರ) ಮಂಡಳಿಯೂ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯ ಹೇರಬೇಡಿ ಎಂದೇ ಹೇಳಿದೆ.

ಅಮೆರಿಕದಲ್ಲಿ ಕಥೆಯೇ ಬೇರೆ. ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಶಾಲೆಯದ್ದಲ್ಲ. ಖಾಸಗಿ ಕ್ಯಾಥೊಲಿಕ್ ಶಾಲೆ ಬಲಿಪೂಜೆ ಕಡ್ಡಾಯ ಅಂದರೆ, ನೀವು ಸಹಿ ಹಾಕಿದ ಕೈಪಿಡಿಯೇ ಒಪ್ಪಂದ. ಆದರೂ ಸರ್ಕಾರದ ದುಡ್ಡು ಬಂದ ಕಡೆ ಕೆಲವೊಮ್ಮೆ ಷರತ್ತೂ ಜೊತೆಗೆ ಬರುತ್ತದೆ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ 1990ರಲ್ಲಿ ಶುರುವಾದ ವೋಚರ್ ಯೋಜನೆಯಡಿ (ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರ ಹಣ ಕೊಡುವ ಯೋಜನೆ) ಓದುವ ಮಗುವಿನ ಪೋಷಕರು ಬರೆದುಕೊಟ್ಟರೆ, ಶಾಲೆ ಆ ಮಗುವನ್ನು ಧಾರ್ಮಿಕ ಚಟುವಟಿಕೆಗೆ ಒತ್ತಾಯಿಸುವಂತಿಲ್ಲ. ಇಂಗ್ಲೆಂಡಿನಲ್ಲೂ ಹೀಗೇ ಒಂದು ಗೆರೆ ಇದೆ. ಸರ್ಕಾರದ ಹಣದಲ್ಲಿ ನಡೆಯುವ ಕ್ಯಾಥೊಲಿಕ್ ಶಾಲೆಯಲ್ಲಿ ಮಗುವನ್ನು ಪ್ರಾರ್ಥನೆಯಿಂದ ಹೊರಗಿಡುವ ಹಕ್ಕು ಪೋಷಕರಿಗಿದೆ, ಶುಲ್ಕ ಕಟ್ಟಿ ಓದುವ ಖಾಸಗಿ ಶಾಲೆಯಲ್ಲಿ ಆ ಕಾನೂನು ನೆರವಿಗೆ ಬರುವುದಿಲ್ಲ. ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಕ್ಯಾಥೊಲಿಕ್ ಆಶ್ರಯದವು. ಸಾರ್ವಜನಿಕ ಹಣ ಪಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಹೋಗದೆಯೂ ಓದುವ ಮಗುವಿನ ಹಕ್ಕನ್ನು ಅಲ್ಲಿ 1937ರ ಸಂವಿಧಾನವೇ ಕಾಪಾಡುತ್ತದೆ.

ಹಾಗಾಗಿ ಮೊದಲು ಪ್ರವೇಶದ ಸಮಯದಲ್ಲಿ ಸಹಿ ಹಾಕಿದ ಕಾಗದ ಹುಡುಕಿ ತೆಗೆಯಿರಿ. ಅದರಲ್ಲಿ ಬಲಿಪೂಜೆಯ ಮಾತು ಇದೆಯಾ ನೋಡಿ. ಆಮೇಲೆ ಪ್ರಿನ್ಸಿಪಾಲರಿಗೆ ಸಣ್ಣ ಪತ್ರ ಬರೆಯಿರಿ. ಮಗಳ ಹೆಸರು, ತರಗತಿ, ನಾವು ಈ ಧರ್ಮದವರಲ್ಲ, ಅವಳು ಪೂಜೆಯಲ್ಲಿ ಪಾಲ್ಗೊಳ್ಳುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ, ಆ ಹೊತ್ತಿನಲ್ಲಿ ಮೊದಲಿನಂತೆ ಲೈಬ್ರರಿಯಲ್ಲಿ ಕೂರಿಸಿ, ಅದನ್ನು ಗೈರುಹಾಜರಿ ಎಂದು ಬರೆಯಬೇಡಿ. ಇಷ್ಟೇ ಸಾಕು. ಕೋಪದ ಮಾತು ಬೇಡ, ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಬೇಡ. ಪತ್ರ ಕೊಟ್ಟದ್ದಕ್ಕೆ ಒಂದು ಸ್ವೀಕೃತಿ ಮಾತ್ರ ತಪ್ಪದೆ ತೆಗೆದುಕೊಳ್ಳಿ.

ಪ್ರಶ್ನೆ: ಇಷ್ಟವಿಲ್ಲದವರು ಬೇರೆ ಶಾಲೆಗೆ ಹೋಗಬಹುದಲ್ಲ? ನಾವು ಕ್ಯಾಥೊಲಿಕರು. ನಮ್ಮ ಹಿರಿಯರು, ಸಿಸ್ಟರ್‌ಗಳು ಕಷ್ಟಪಟ್ಟು ಕಟ್ಟಿದ ಶಾಲೆ. ಅಲ್ಲಿ ಓದು ಬೇಕು, ರಿಸಲ್ಟ್ ಬೇಕು, ಪ್ರಾರ್ಥನೆ ಮಾತ್ರ ಬೇಡ ಅಂದರೆ ಹೇಗೆ? ಹೀಗೇ ಬಿಟ್ಟರೆ ನಮ್ಮ ಶಾಲೆಯಲ್ಲಿ ನಮ್ಮದು ಅಂತ ಏನು ಉಳಿಯುತ್ತದೆ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಕ್ಯಾಥೊಲಿಕ್ ಶಾಲೆ ಕ್ಯಾಥೊಲಿಕ್ ಆಗಿಯೇ ಇರಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆ ಹಕ್ಕು ಸುಮ್ನೆ ಬಂದದ್ದಲ್ಲ. ಅಮೆರಿಕದ ಒರೆಗಾನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು ಅಂತ ಕಾನೂನು ಮಾಡಿದಾಗ ಸಿಸ್ಟರ್‌ಗಳ ಒಂದು ಸಭೆ ಕೋರ್ಟಿಗೆ ಹೋಯಿತು. 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜೆಸ್ವಿಟ್ (ಕ್ಯಾಥೊಲಿಕ್ ಗುರುಗಳ ಒಂದು ಸಂಘ) ಪರಂಪರೆಯ ಖಾಸಗಿ ಹೈಸ್ಕೂಲೊಂದಕ್ಕೆ ಕ್ಯಾಥೊಲಿಕ್ ಧರ್ಮವನ್ನೂ ನೀವು ಹೊರಗಿನವರ ಹಾಗೆ ತಟಸ್ಥವಾಗಿಯೇ ಪಾಠ ಮಾಡಬೇಕು ಎಂದು ಸರ್ಕಾರ ಹೇಳಿತ್ತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಯ ಪರ ನಿಂತಿತು.

ಆದರೆ ಈ ಎರಡೂ ತೀರ್ಪು ಕೊಟ್ಟದ್ದು ಏನನ್ನು? ಶಾಲೆ ತನ್ನ ವಿಶ್ವಾಸವನ್ನು ಮುಚ್ಚಿಡದೆ ಬದುಕುವ, ಕಲಿಸುವ ಹಕ್ಕನ್ನು. ಬೇರೆಯವರ ಮಗುವಿನ ಬಾಯಿಂದ ಪ್ರಾರ್ಥನೆ ಹೇಳಿಸುವ ಹಕ್ಕನ್ನಲ್ಲ. ನಿಮ್ಮ ಶಾಲೆಯ ಗೋಡೆಯ ಮೇಲಿನ ಶಿಲುಬೆ, ಬೆಳಗಿನ ಪ್ರಾರ್ಥನೆ, ಹಬ್ಬದ ದಿನದ ಬಲಿಪೂಜೆ, ಕಷ್ಟದಲ್ಲಿರುವ ಮಗುವಿನ ಮನೆಗೆ ಹೋಗಿಬರುವ ಸಿಸ್ಟರ್, ಇದ್ಯಾವುದಕ್ಕೂ ಒಬ್ಬ ಹುಡುಗ ಲೈಬ್ರರಿಯಲ್ಲಿ ಕೂತ ಮಾತ್ರಕ್ಕೆ ಕುಂದು ಬರುವುದಿಲ್ಲ. ಬೇರೆ ಶಾಲೆಗೆ ಹೋಗಲಿ ಅನ್ನುವ ಮಾತು ಸುಲಭ. ಆದರೆ ಶಾಲೆಯೇ ಬಾಗಿಲು ತೆರೆದು, ಫಾರಂನಲ್ಲಿ ಧರ್ಮ ಯಾವುದು ಅಂತ ಓದಿ, ಶುಲ್ಕ ಕಟ್ಟಿಸಿಕೊಂಡು ಒಳಗೆ ಕರೆದುಕೊಂಡಿದೆ ಅಲ್ವಾ. ವರ್ಷದ ನಡುವೆ ನಿಯಮ ಬಿಗಿ ಮಾಡಿ, ಈಗ ಬೇಡದಿದ್ದರೆ ಹೊರಡಿ ಅನ್ನುವುದು ನ್ಯಾಯವಲ್ಲ. ಬಿಗಿ ಬೇಕೇ ಬೇಕು ಅಂದರೆ ಮುಂದಿನ ಪ್ರವೇಶದ ಹೊತ್ತಿಗೆ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದು ತಿಳಿಸಲಿ, ಒಪ್ಪುವವರು ಬರಲಿ. ಅದೂ ಕಾನೂನು ಬಿಟ್ಟಷ್ಟೇ.

ಪ್ರಶ್ನೆ: ನಮ್ಮ ಧರ್ಮಕೇಂದ್ರದ (ನಮ್ಮ ಭಾಗದ ಚರ್ಚಿನ) ಶಾಲೆಯಲ್ಲಿ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವ ಕ್ಯಾಥೊಲಿಕ್ ಕುಟುಂಬಗಳಿಗೆ ಮಾತ್ರ ಶುಲ್ಕದಲ್ಲಿ ರಿಯಾಯಿತಿ. ಬಂದಿದ್ದೇವೆಯೋ ಇಲ್ಲವೋ ಅನ್ನುವುದನ್ನು ಕಾಣಿಕೆ ಲಕೋಟೆಯ ಮೇಲಿನ ನಂಬರಿನಿಂದ ಲೆಕ್ಕ ಹಾಕುತ್ತಾರೆ. ನನ್ನ ಗಂಡನಿಗೆ ಭಾನುವಾರ ಡ್ಯೂಟಿ, ನಾನು ಮಕ್ಕಳನ್ನು ಕರೆದುಕೊಂಡು ಶನಿವಾರ ಸಂಜೆ ಹೋಗುತ್ತೇನೆ, ಕೈಯಲ್ಲಿದ್ದ ಚಿಲ್ಲರೆ ಹಾಕುತ್ತೇನೆ. ಈ ವರ್ಷ ನಿಮ್ಮ ಹಾಜರಿ ಕಮ್ಮಿ ಅಂತ ರಿಯಾಯಿತಿ ತೆಗೆದರು.

ಉತ್ತರ: ರಿಯಾಯಿತಿ ಕೊಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಧರ್ಮಕೇಂದ್ರದ ಕಾಣಿಕೆ ಹಣದಿಂದ ಶಾಲೆಯ ಖರ್ಚಿನ ಒಂದು ಪಾಲು ಹೋಗುತ್ತಿದ್ದರೆ, ಆ ಧರ್ಮಕೇಂದ್ರದವರಿಗೆ ಶುಲ್ಕ ಸ್ವಲ್ಪ ಕಡಿಮೆ ಮಾಡುವುದು ಸಹಜ. ತಪ್ಪಿರುವುದು ಅಳೆಯುವ ರೀತಿಯಲ್ಲಿ. ಲಕೋಟೆ ಹಣವನ್ನು ಎಣಿಸುತ್ತದೆ, ಬಂದ ಜನರನ್ನಲ್ಲ. ಲಕೋಟೆಯನ್ನು ಮಗನ ಕೈಲಿ ಕಳಿಸಿ ಮನೆಯಲ್ಲೇ ಉಳಿದವರಿಗೆ ಹಾಜರಿ ಸಿಗುತ್ತದೆ, ಮೂರು ಮಕ್ಕಳನ್ನು ಎಳೆದುಕೊಂಡು ಬಂದು ಚಿಲ್ಲರೆ ಹಾಕಿದ ನಿಮಗೆ ಗೈರು. ಬಡ ಕುಟುಂಬಕ್ಕೆ ಇದರಿಂದ ಆಗುವ ಅವಮಾನವನ್ನು ಶಾಲೆಯ ಆಫೀಸಿನಲ್ಲಿ ಕೂತವರು ಒಮ್ಮೆ ಯೋಚಿಸಬೇಕು.

ಧರ್ಮಸಭೆಯ ಕಾನೂನಿನ ಮಾತು ಹೇಳಬೇಕೆಂದರೆ ನಿಮ್ಮ ಕಡೆ ಯಾವ ತಪ್ಪೂ ಇಲ್ಲ. 1247ನೇ ಕಲಂ ಪ್ರಕಾರ ಕ್ಯಾಥೊಲಿಕರು ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆಯಲ್ಲಿ ಭಾಗವಹಿಸಬೇಕು. ಆದರೆ ಅದರ ಮುಂದಿನ ಕಲಮೇ ಹಿಂದಿನ ದಿನದ ಸಂಜೆಯ ಬಲಿಪೂಜೆಯೂ ಸಲ್ಲುತ್ತದೆ ಎನ್ನುತ್ತದೆ. ಯಾವ ಚರ್ಚಿನಲ್ಲಾದರೂ ಸರಿ, ಸ್ವಂತ ಧರ್ಮಕೇಂದ್ರದಲ್ಲೇ ಆಗಬೇಕೆಂದಿಲ್ಲ. ಗಂಭೀರ ಕಾರಣವಿದ್ದರೆ, ಕಾಯಿಲೆ, ಹಸುಗೂಸಿನ ಆರೈಕೆ ಇಂಥವು, ಆ ಕಟ್ಟಳೆಯಿಂದ ವಿನಾಯಿತಿಯೂ ಇದೆ. ಬಿಡಲಾಗದ ಡ್ಯೂಟಿ ಇದ್ದರೆ ನಿಮ್ಮ ಗಂಡ ಫಾದರ್ ಹತ್ತಿರ ಒಮ್ಮೆ ಹೇಳಿಕೊಳ್ಳಲಿ. ನೀವೂ ಇದನ್ನೇ ಬರೆದು ಫಾದರ್‌ಗೆ ಕೊಡಿ, ಶಾಲೆಯ ಆಫೀಸಿಗಲ್ಲ. ಶುಲ್ಕದ ರಿಯಾಯಿತಿಯನ್ನು ಲಕೋಟೆ ನೋಡಿ ತೀರ್ಮಾನಿಸುವ ಬದಲು, ನಿಮ್ಮನ್ನು ಬಲ್ಲ ಫಾದರ್ ಒಂದು ಸಾಲು ಬರೆದುಕೊಟ್ಟರೆ ಸಾಕಾಗುವ ಹಾಗೆ ಮಾಡಿ ಅಂತ ಕೇಳಿ. ನಿಮ್ಮಂಥ ಇನ್ನೂ ನಾಲ್ಕು ಮನೆಯವರು ಇದ್ದೇ ಇರುತ್ತಾರೆ, ಒಟ್ಟಿಗೆ ಹೋಗಿ.

ಪ್ರಶ್ನೆ: ಧಾರ್ಮಿಕ ಶಿಕ್ಷಣದ ಪಿರಿಯಡ್‌ಗೆ ಪರೀಕ್ಷೆ ಇಟ್ಟು ಅಂಕ ಕೊಡುತ್ತಾರೆ. ಇದು ಸರಿಯಾ?

ಉತ್ತರ: ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಸುವಾರ್ತೆ ಪುಸ್ತಕಗಳು ಎಷ್ಟಿವೆ ಅಂತ ಕೇಳಿದರೆ ಸರಿ, ನಾಲ್ಕು ಅಂತ ಬರೆದವರಿಗೆ ಅಂಕ ಕೊಡಲಿ. ನೀನು ಯೇಸುವನ್ನು ಎಷ್ಟು ಪ್ರೀತಿಸುತ್ತೀಯ ಅಂತ ಕೇಳಿ ಅಂಕ ಕೊಟ್ಟರೆ ತಪ್ಪು. ನಾನು ಮೊದಲು ಹೇಳಿದ 1988ರ ದಸ್ತಾವೇಜು ಕೂಡ ತರಗತಿಯ ಧಾರ್ಮಿಕ ಪಾಠ ಬೇರೆ, ವಿಶ್ವಾಸ ಬೆಳೆಸುವ ಧರ್ಮೋಪದೇಶ ಬೇರೆ ಎಂದು ಗೆರೆ ಎಳೆಯುತ್ತದೆ. ಪಾಠ ತಿಳಿವಳಿಕೆಗೆ, ಧರ್ಮೋಪದೇಶ ಒಪ್ಪಿ ಬಂದವರಿಗೆ. ಆದರೂ ಪಾಠದ ಹೆಸರಲ್ಲಿ ಒಂದೇ ಧರ್ಮದ ಬೋಧನೆ ನಡೆಯುತ್ತಿದ್ದರೆ, ಮೇಲೆ ಹೇಳಿದ ಒಪ್ಪಿಗೆಯ ಮಾತು ಅದಕ್ಕೂ ಅನ್ವಯಿಸುತ್ತದೆ. ಆ ಅಂಕ ಒಟ್ಟು ಫಲಿತಾಂಶಕ್ಕೆ ಸೇರುತ್ತದೆಯಾ ಅನ್ನುವುದನ್ನೂ ಶಾಲೆಯಲ್ಲಿ ವಿಚಾರಿಸಿ.

ಪ್ರಶ್ನೆ: ನನಗೆ ಹದಿನಾರು. ಹುಟ್ಟಿನಿಂದ ಕ್ಯಾಥೊಲಿಕ್, ಆದರೆ ಈಗ ನಂಬಿಕೆ ಇದೆಯಾ ಇಲ್ವಾ ಅಂತ ನನಗೇ ಗೊತ್ತಿಲ್ಲ. ಹಾಸ್ಟೆಲ್ ಇರುವ ಶಾಲೆ. ಪ್ರತಿ ಶುಕ್ರವಾರ ಬಲಿಪೂಜೆ, ತಿಂಗಳಿಗೊಮ್ಮೆ ತರಗತಿಯ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಪನಿವೇದನೆ, ಅಂದರೆ ಮಾಡಿದ ಪಾಪಗಳನ್ನು ಫಾದರ್ ಹತ್ತಿರ ಗುಟ್ಟಾಗಿ ಹೇಳಿಕೊಳ್ಳುವುದು. ಪಾಪನಿವೇದನೆ ಕೇಳುವವರು ನಮ್ಮ ಪ್ರಿನ್ಸಿಪಾಲ್ ಫಾದರ್. ಪರಮಪ್ರಸಾದಕ್ಕೆ ಹೋಗದಿದ್ದರೆ ವಾರ್ಡನ್ ಆಮೇಲೆ ಕರೆದು ಏನಾಯ್ತು ಅಂತ ಕೇಳುತ್ತಾರೆ. ಅದಕ್ಕೆ ಸುಮ್ನೆ ಹೋಗಿ ತಗೊಳ್ತೀನಿ. ಮನಸ್ಸಿಗೆ ಕಷ್ಟ ಆಗುತ್ತೆ.

ಉತ್ತರ: ನಿನ್ನ ಪತ್ರ ಓದಿ ಬಹಳ ಹೊತ್ತು ಕೆಳಗಿಡಲಾಗಲಿಲ್ಲ, ಪುಟ್ಟಾ. ನಂಬಿಕೆ ಇದೆಯೋ ಇಲ್ಲವೋ ಅನ್ನುವ ಗೊಂದಲ ಈ ವಯಸ್ಸಿನಲ್ಲಿ ಎಷ್ಟೋ ಜನರಿಗೆ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿನಗೆ ಕಷ್ಟ ಆಗುತ್ತಿದೆ ಅನ್ನುವುದೇ ನೀನು ಇದನ್ನು ಹಗುರವಾಗಿ ತಗೊಂಡಿಲ್ಲ ಅನ್ನುವುದಕ್ಕೆ ಸಾಕ್ಷಿ.

ನಿನ್ನ ಶಾಲೆಯಲ್ಲಿ ನಡೆಯುತ್ತಿರುವುದರಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. ಶುಕ್ರವಾರದ ಬಲಿಪೂಜೆಗೆ ಹೋಗಿ ಕೂರು ಅನ್ನುವುದು ಶಾಲೆಯ ನಿಯಮ. ಶುಕ್ರವಾರದಂದು ಕಡ್ಡಾಯ ಹಬ್ಬ ಬೀಳದಿದ್ದರೆ ಧರ್ಮಸಭೆ ಯಾವ ಕ್ಯಾಥೊಲಿಕರಿಗೂ ಆ ದಿನ ಬಲಿಪೂಜೆ ಕಡ್ಡಾಯ ಮಾಡಿಲ್ಲ. ಹಾಸ್ಟೆಲಿನ ಊಟದ ಗಂಟೆಯ ಹಾಗೆ ಇದನ್ನೂ ಸದ್ಯಕ್ಕೆ ಪಾಲಿಸು, ಹೋಗು, ಕೂರು. ಅಷ್ಟಕ್ಕೆ ನಿನ್ನ ಮನಸ್ಸಾಕ್ಷಿ ಮಾರಿಕೊಂಡ ಹಾಗೆ ಆಗುವುದಿಲ್ಲ.

ಪರಮಪ್ರಸಾದ ಹಾಗಲ್ಲ. ಅದನ್ನು ಯಾರಿಗೋ ಹೆದರಿ ತೆಗೆದುಕೊಳ್ಳಬೇಡ. ತಾನು ಗಂಭೀರ ಪಾಪದಲ್ಲಿದ್ದೇನೆ ಎಂದು ಅರಿತವನು ಪಾಪನಿವೇದನೆ ಮಾಡದೆ ಪರಮಪ್ರಸಾದ ತೆಗೆದುಕೊಳ್ಳಬಾರದು ಎನ್ನುತ್ತದೆ 916ನೇ ಕಲಂ. ಅಂದರೆ ಒಬ್ಬ ಬೆಂಚಿನಲ್ಲೇ ಉಳಿದರೆ ಅದಕ್ಕೆ ಕಾರಣ ಅವನಿಗೂ ದೇವರಿಗೂ ಮಾತ್ರ ಗೊತ್ತಿರಬೇಕಾದದ್ದು. ವಾರ್ಡನ್ ಕರೆದು ಏನಾಯ್ತು ಅಂತ ಕೇಳಿದರೆ, ಅವರಿಗೆ ಕೆಟ್ಟ ಉದ್ದೇಶ ಇಲ್ಲದಿರಬಹುದು, ಆದರೂ ಅವರು ಪಾಪನಿವೇದನೆಯ ಗುಟ್ಟನ್ನು ಹೊರಗಿನ ಬಾಗಿಲಿಂದ ಕೇಳಿದಂತೆಯೇ. "ಸರ್, ಇದು ನನ್ನ ಮನಸ್ಸಾಕ್ಷಿಯ ವಿಷಯ, ದಯವಿಟ್ಟು ಕೇಳಬೇಡಿ" ಅಂತ ಮೆತ್ತಗೆ ಹೇಳು. ಅಷ್ಟು ಹೇಳುವ ಹಕ್ಕು ನಿನಗಿದೆ.

ಪಾಪನಿವೇದನೆಯ ವಿಷಯದಲ್ಲಿ ನಿನ್ನ ಶಾಲೆ ಇನ್ನೂ ಎಚ್ಚರವಾಗಿರಬೇಕಿತ್ತು. ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕು ಅನ್ನುವುದು ನಿಯಮ, ತಿಂಗಳಿಗೊಮ್ಮೆ ಸಾಲಲ್ಲಿ ನಿಲ್ಲಬೇಕು ಅಂತಲ್ಲ. ಯಾರ ಹತ್ತಿರ ನಿವೇದಿಸಬೇಕು ಅನ್ನುವುದು ನಿನ್ನ ಆಯ್ಕೆ, 991ನೇ ಕಲಂ ಅದನ್ನು ಕೊಟ್ಟಿದೆ. ಅದಕ್ಕಿಂತ ಮುಖ್ಯವಾಗಿ 985ನೇ ಕಲಂ ನೋಡು. ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ಅದೇ ಮನೆಯಲ್ಲಿ ವಾಸವಿರುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ಯಾವುದೋ ಸಂದರ್ಭದಲ್ಲಿ ವಿದ್ಯಾರ್ಥಿಯೇ ಸ್ವಂತ ಇಚ್ಛೆಯಿಂದ ಕೇಳಿಕೊಂಡರೆ ಮಾತ್ರ ಕೇಳಬಹುದು. ಯಾಕೆ ಹೀಗಿಟ್ಟಿದ್ದಾರೆ ಅಂದರೆ, ನಿನಗೆ ಶಿಕ್ಷೆ ಕೊಡುವ, ಸರ್ಟಿಫಿಕೇಟಿಗೆ ಸಹಿ ಹಾಕುವ ಮನುಷ್ಯನ ಮುಂದೆ ಯಾವ ಹುಡುಗನೂ ಬಿಚ್ಚುಮನಸ್ಸಿನಿಂದ ಮಾತಾಡಲಾರ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಎಂದೂ ಹೊರಗೆ ಬಿಡುವಂತಿಲ್ಲ, ಅದು ನಿಜ. ಆದರೂ ನಿನ್ನ ಭಯವೂ ನಿಜ. ಬೇರೆ ಫಾದರ್ ಬರುವ ವ್ಯವಸ್ಥೆ ಮಾಡಿ ಅಂತ ತರಗತಿಯ ಪರವಾಗಿ ಕೇಳಿದರೆ, ಈ ಕಲಂ ಗೊತ್ತಿರುವ ಯಾವ ಪ್ರಿನ್ಸಿಪಾಲರೂ ಇಲ್ಲ ಅನ್ನಬಾರದು.

ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಇದನ್ನು ಹೇಳಿದ್ದೀಯಾ? ನಂಬಿಕೆ ಬಿಟ್ಟೆ ಅಂತ ಒಂದೇ ಸಲ ಹೇಳಿ ಅವರ ಎದೆ ಒಡೆಯಬೇಡ, ನಿನಗೇ ಅದು ಇನ್ನೂ ಖಚಿತವಿಲ್ಲ. ಪರಮಪ್ರಸಾದದ ವಿಷಯದಲ್ಲಿ ಒತ್ತಡ ಆಗುತ್ತಿದೆ, ಪ್ರಿನ್ಸಿಪಾಲರ ಹತ್ತಿರ ಪಾಪನಿವೇದನೆ ಕಷ್ಟ ಆಗುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ವಿಶ್ವಾಸವಿರುವ ತಂದೆ ತಾಯಿಗೇ ಈ ಮಾತು ಬೇಗ ಅರ್ಥವಾಗುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯೂ ಮಗುವಿನ ಆಲೋಚನೆ, ಮನಸ್ಸಾಕ್ಷಿ, ಧರ್ಮದ ಸ್ವಾತಂತ್ರ್ಯ ಹೇಳುತ್ತದೆ. ಹೆತ್ತವರು ದಾರಿ ತೋರಬೇಕು, ಅದು ಮಗು ಬೆಳೆದಂತೆ ಅದರ ಬುದ್ಧಿಗೆ ತಕ್ಕಂತೆ ಇರಬೇಕು ಅನ್ನುತ್ತದೆ. ಹದಿನಾರಕ್ಕೆ ಆ ಬುದ್ಧಿ ನಿನಗೆ ಬಂದಿದೆ ಅಂತ ನಿನ್ನ ಪತ್ರವೇ ಹೇಳುತ್ತಿದೆ. ಮತ್ತೆ ಬರೆ.

ಪ್ರಶ್ನೆ: ನಾನು ಶಿಕ್ಷಕಿ. ಬಲಿಪೂಜೆಯ ಹೊತ್ತಿನಲ್ಲಿ ಹಾಜರಿ ಪುಸ್ತಕ ಹಿಡಿದು ಬೆಂಚಿನ ಕೊನೆಯಲ್ಲಿ ನಿಲ್ಲಬೇಕು. ಯಾರು ಬಂದಿಲ್ಲ, ಯಾರು ಪ್ರಾರ್ಥನೆ ಹೇಳುತ್ತಿಲ್ಲ, ಯಾರು ಮೊಣಕಾಲೂರಲಿಲ್ಲ ಅಂತ ಗುರುತು ಹಾಕಿ ಆಫೀಸಿಗೆ ಕೊಡಬೇಕು. ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಕೆಲಸದ ಪ್ರಶ್ನೆ.

ಉತ್ತರ: ಯಾರು ಬಂದಿಲ್ಲ ಅಂತ ಬರೆಯುವುದು ನಿಮ್ಮ ಕೆಲಸ. ಮಗು ಎಲ್ಲಿದೆ ಅನ್ನುವುದು ಶಾಲೆಗೆ ಗೊತ್ತಿರಲೇಬೇಕು, ಅದು ಸುರಕ್ಷತೆಯ ಪ್ರಶ್ನೆ. ತುಟಿ ಅಲ್ಲಾಡಿತಾ, ಮೊಣಕಾಲು ನೆಲ ಮುಟ್ಟಿತಾ ಅನ್ನುವುದು ಯಾರ ಕೆಲಸವೂ ಅಲ್ಲ. ಪುಸ್ತಕ ಹಿಡಿದ ಟೀಚರ್ ಬೆಂಚಿನ ತುದಿಯಲ್ಲಿ ಇದ್ದಾರೆ ಅಂದರೆ ಮಕ್ಕಳ ಕಣ್ಣು ಪೂಜಾಪೀಠದ ಕಡೆ ಇರುವುದಿಲ್ಲ, ನಿಮ್ಮ ಪೆನ್ನಿನ ಕಡೆ ಇರುತ್ತದೆ. ನಂಬಿಕೆ ಇಲ್ಲದ ಹುಡುಗ ಬಾಯಿ ಅಲ್ಲಾಡಿಸುವುದನ್ನು ಕಲಿಯುತ್ತಾನೆ. ನಂಬಿಕೆ ಇರುವ ಹುಡುಗಿಯೂ ನಿಮಗೆ ಕಾಣುವ ಹಾಗೆ ಕೈ ಜೋಡಿಸುವುದನ್ನು ಕಲಿಯುತ್ತಾಳೆ. ನನಗೆ ಇದರಲ್ಲಿ ಹೆಚ್ಚು ದುಃಖ ಆಗುವುದು ಆ ಹುಡುಗಿಯ ಬಗ್ಗೆ, ಯಾಕೆಂದರೆ ಅವಳಿಗೆ ನಿಜವಾಗಿ ಪ್ರಾರ್ಥನೆ ಬೇಕಿತ್ತು.

ಇಲ್ಲಿ ಒಂದು ತೀರ್ಪು ನೆನಪಾಗುತ್ತದೆ. ಧರ್ಮ ಬೇರೆ, ವಿಷಯ ಬೇರೆ, ಆದರೂ ಹತ್ತಿರದ್ದು. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎಲ್ಲರಂತೆ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಹಾಡಲು ಅವರ ನಂಬಿಕೆ ಬಿಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತು. 1986ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ನಿಂತು ಗೌರವ ತೋರಿಸಿದ್ದಾರೆ, ಹಾಡಲಿಲ್ಲ ಅನ್ನುವುದು ಅಗೌರವವಲ್ಲ ಅನ್ನುವುದು ಅದರ ಸಾರ. ರಾಷ್ಟ್ರಗೀತೆಗೇ ಈ ಮಾತು ಸಲ್ಲುವಾಗ ಪ್ರಾರ್ಥನೆಗೆ ಸಲ್ಲುವುದಿಲ್ಲವಾ?

ನೀವು ಪ್ರಿನ್ಸಿಪಾಲರ ಮುಂದೆ ದೊಡ್ಡ ವಾದ ಹೂಡಬೇಕಿಲ್ಲ, ಕೆಲಸ ಉಳಿಯಬೇಕು, ಗೊತ್ತು. ಒಂದು ಸಲಹೆಯ ರೂಪದಲ್ಲಿ ಹೇಳಿ. ಹಾಜರಿಯನ್ನು ತರಗತಿಯಲ್ಲೇ, ಚಾಪೆಲ್‌ಗೆ ಹೊರಡುವ ಮೊದಲು ತೆಗೆದುಕೊಳ್ಳುತ್ತೇವೆ, ಲೈಬ್ರರಿಗೆ ಹೋಗುವವರ ಪಟ್ಟಿ ಒಬ್ಬ ಟೀಚರ್ ಹತ್ತಿರ ಇರಲಿ, ಒಳಗೆ ಪುಸ್ತಕ ಬೇಡ, ನಾವು ಮಕ್ಕಳ ನಡುವೆ ಕೂರುತ್ತೇವೆ, ಗಲಾಟೆ ಆದರೆ ಅಲ್ಲೇ ಸರಿಮಾಡುತ್ತೇವೆ. ಗಲಾಟೆಗೆ ಶಿಸ್ತು ಕ್ರಮ ಇರಲಿ, ಯಾರೂ ಬೇಡ ಅನ್ನುವುದಿಲ್ಲ, ಪಕ್ಕದವರ ಪ್ರಾರ್ಥನೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಇನ್ನಿಬ್ಬರು ಟೀಚರ್‌ಗಳನ್ನು, ಸಾಧ್ಯವಾದರೆ ಒಬ್ಬ ಸಿಸ್ಟರನ್ನು, ಜೊತೆಗೆ ಕರೆದುಕೊಂಡು ಹೋಗಿ ಹೇಳಿ. ಪರೀಕ್ಷೆಗಳ ಗಡಿಬಿಡಿ ಶುರುವಾಗುವ ಮೊದಲೇ ಹೋದರೆ ಒಳ್ಳೆಯದು, ಆಗ ಅವರಿಗೂ ಕೂತು ಕೇಳುವ ವ್ಯವಧಾನ ಇರುತ್ತದೆ.